ಭಟ್ಟಿ ಓಣಿಯ ಜ್ವರ

ಮಗು ಹುಟ್ಟುವುದಕ್ಕೆ ಸರ್ಕಾರದ ಅಪ್ಪಣೆ ಬೇಕೆಂದು ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ. ಒಂದು ಹೆಬ್ಬೆಟ್ಟು ಬೇಕು ಎಂದಷ್ಟೇ ಬರೆದಿದೆ. ಆ ಹೆಬ್ಬೆಟ್ಟನ್ನು ಒತ್ತಿ ಸಂಬಳ ತೆಗೆದುಕೊಳ್ಳುವವರಲ್ಲಿ ತಿಪ್ಪೇಶನೂ ಒಬ್ಬ.

ದಾವಣಗೆರೆಯ ಹೆರಿಗೆ ನಿಯಂತ್ರಣ ಕೊಠಡಿ ಇರುವುದು ಮಕ್ಕಳಿಲ್ಲದೆ ಮುಚ್ಚಿಹೋದ ಒಂದು ಪ್ರಾಥಮಿಕ ಶಾಲೆಯಲ್ಲಿ. ಗೋಡೆಯ ಮೇಲಿನ ಕಾಗುಣಿತವನ್ನು ಯಾರೂ ಅಳಿಸಿಲ್ಲ. ಅದರ ಕೆಳಗೆ ಸಾಲಾಗಿ ಪರದೆಗಳು, ಪರದೆಯ ಮುಂದೆ ಅಂಗೈ ಅಗಲದ ಗಾಜು. ಪರದೆಯಲ್ಲಿ ಒಂದು ಸಂಖ್ಯೆ ಬರುತ್ತದೆ. ಸಂಖ್ಯೆ ಎಂದರೆ ಒಬ್ಬ ಬಸುರಿ. ಕೆಳಗೆ ಒಂದು ಸಾಲು: ‘ತಡೆ ಮುಂದುವರಿಸಲು ಸಮ್ಮತಿ.’ ತಿಪ್ಪೇಶ ಗಾಜಿನ ಮೇಲೆ ಹೆಬ್ಬೆಟ್ಟು ಇಡುತ್ತಾನೆ. ಹಸಿರು ಬೆಳಕು ಬರುತ್ತದೆ. ಊರಿನ ಯಾವುದೋ ಮೂಲೆಯಲ್ಲಿ ಒಬ್ಬ ಹೆಂಗಸಿನ ನೋವು ಅಲ್ಲೇ ನಿಲ್ಲುತ್ತದೆ. ಮುಂದಿನ ಸಂಖ್ಯೆ ಬರುತ್ತದೆ. ‘ಬೇಡ’ ಎನ್ನಬೇಕೆಂದರೆ ಆ ಪರದೆಯಲ್ಲಿ ಜಾಗವೇ ಇಲ್ಲ.

ಈ ತಡೆಪಟ್ಟಿಯನ್ನು ಕಂಡುಹಿಡಿದವರು ಕೆಟ್ಟವರಲ್ಲ. ದಿನ ತುಂಬುವ ಮೊದಲೇ ಹುಟ್ಟಿ ಸಾಯುವ ಕೂಸುಗಳನ್ನು ಉಳಿಸಲು ಅದನ್ನು ಮಾಡಿದ್ದರು. ಹೊಟ್ಟೆಯ ಕೆಳಗೆ ಕಟ್ಟಿಕೊಳ್ಳುವ ಮೆತ್ತನೆಯ ಪಟ್ಟಿ. ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳು. ಹೆರಿಗೆ ಹತ್ತಿರ ಬಂದಾಗ ತಾಯಿಯ ಮೈಯಲ್ಲಿ ಒಂದು ರಸದ ಮಟ್ಟ ಇಳಿಯುತ್ತದಂತೆ. ಪಟ್ಟಿ ಆ ಇಳಿತವನ್ನು ಬೆವರಿನಲ್ಲೇ ಓದಿ, ಬೇಕಾದ ಔಷಧಿಯನ್ನು ಚರ್ಮದ ಮೂಲಕ ಬಿಡುತ್ತದೆ. ಗರ್ಭಕೋಶ ಮತ್ತೆ ಮಲಗುತ್ತದೆ. ಅವಸರವಿದ್ದರೆ ಬೇರೆ ಔಷಧಿ, ಗರ್ಭಕೋಶ ಎಚ್ಚರವಾಗುತ್ತದೆ. ಅಷ್ಟೇ ವಿಜ್ಞಾನ. ಉಳಿದದ್ದೆಲ್ಲ ಖಜಾನೆ.

ಮಕ್ಕಳು ಹುಟ್ಟುವುದು ಕಡಿಮೆಯಾದಾಗ ಸರ್ಕಾರ ತೊಟ್ಟಿಲು ತೆರಿಗೆ ತಂದಿತು. ಮದುವೆಯಾಗಿ ಮಗುವಿಲ್ಲದವರ ಸಂಬಳದಲ್ಲಿ ಮೂರನೇ ಒಂದು ಪಾಲು ಕೈಗೆ ಬರುವ ಮೊದಲೇ ಕಡಿತ. ಮದುವೆಯ ಮೂರನೇ ವರ್ಷದ ಮಾರ್ಚ್ ಮೂವತ್ತೊಂದರ ಸಂಜೆ ಆರರೊಳಗೆ ಕೂಸು ಅತ್ತರೆ ಕಡಿದದ್ದೆಲ್ಲ ವಾಪಸ್. ಆರು ದಾಟಿ ಅತ್ತರೆ ಒಂದು ಕಾಸೂ ಇಲ್ಲ. ಗಡುವು ಸಾರುವುದಕ್ಕೆ ಹಳೇ ಹತ್ತಿಗಿರಣಿಯ ಸೈರನ್ ರಿಪೇರಿ ಮಾಡಿಸಿದರು.

ಹೀಗಾದ ಮೇಲೆ ಎಲ್ಲರಿಗೂ ಮಾರ್ಚೇ ಬೇಕಾಯಿತು. ಏಪ್ರಿಲ್ ಕೂಸುಗಳನ್ನು ಮಾರ್ಚಿಗೆ ಎಳೆದು ತಂದರು. ಅಷ್ಟು ಜನಕ್ಕೆ ವಾಪಸ್ ಕೊಡಲು ಖಜಾನೆಗೆ ಮನಸ್ಸಿರಲಿಲ್ಲ. ಆಗ ಬಂದದ್ದು ‘ಹಾಸಿಗೆ ಸಮತೋಲನ ಯೋಜನೆ’. ಎಂಥ ಚೆಂದದ ಹೆಸರು ನೋಡಿ. ಮಾರ್ಚಿನಲ್ಲಿ ಇಂತಿಷ್ಟೇ ಹೆರಿಗೆ. ದೊಡ್ಡ ಆಸ್ಪತ್ರೆಗಳು ಹಿಂದಿನ ಮಳೆಗಾಲದಲ್ಲೇ ದುಡ್ಡಿದ್ದವರಿಗೆ ಮಾರಲು ಆ ಹಾಸಿಗೆಗಳನ್ನು ಕೊಂಡು ಇಟ್ಟುಕೊಂಡವು. ಉಳಿದ ಬಸುರಿಯರಿಗೆ ಪಟ್ಟಿ ಕಟ್ಟಿ, ತಡೆದು, ಏಪ್ರಿಲ್‌ಗೆ ತಳ್ಳುವುದು. ಹೆಂಗಸರ ಸಂಘದವರು ನ್ಯಾಯಾಲಯಕ್ಕೆ ಹೋದರು. ಯಂತ್ರವೊಂದೇ ಒಬ್ಬ ಹೆಂಗಸಿನ ಹೆರಿಗೆ ತಡೆಯುವಂತಿಲ್ಲ, ಪ್ರತಿ ತಡೆಗೂ ಒಬ್ಬ ಮನುಷ್ಯನ ಸಮ್ಮತಿ ಬೇಕು ಎಂದು ತೀರ್ಪಾಯಿತು. ಗೆದ್ದೆವು ಎಂದು ಪೇಡ ಹಂಚಿದರು. ಮುಂದಿನ ತಿಂಗಳು ಸರ್ಕಾರ ಹೆಬ್ಬೆಟ್ಟುಗಳನ್ನು ಕೆಲಸಕ್ಕೆ ತೆಗೆದುಕೊಂಡಿತು.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಸೀರೆ ಅಂಗಡಿಯಲ್ಲಿ ಮಡಿಕೆ ಹಾಕುತ್ತಿದ್ದ ತಿಪ್ಪೇಶನಿಗೆ ಕೆಲಸ ಸಿಕ್ಕಿದ್ದು ಹಾಗೆ. ಸೀರೆಯ ನುಣುಪಿಗೆ ಅವನ ಹೆಬ್ಬೆಟ್ಟಿನ ಗೆರೆಗಳು ಸವೆದಿರಲಿಲ್ಲ. ಅವನ ಹಿಂದೆ ನಿಂತಿದ್ದ ಮಂಡಕ್ಕಿ ಭಟ್ಟಿಯ ಹುಡುಗರನ್ನೆಲ್ಲ ವಾಪಸ್ ಕಳಿಸಿದರು. ಭಟ್ಟಿಯ ಕಾದ ಮರಳಿನಲ್ಲಿ ಅಕ್ಕಿ ಆಡಿಸಿ ಆಡಿಸಿ ಅವರ ಬೆರಳುಗಳಲ್ಲಿ ಗೆರೆಯೇ ಇರಲಿಲ್ಲ. ಗಾಜು ಅವರನ್ನು ಮನುಷ್ಯರೆಂದೇ ಒಪ್ಪಲಿಲ್ಲ.

ಸೇರಿದ ದಿನ ಮೇಲಧಿಕಾರಿ ಉಲ್ಲಾಸ್, “ನಂಗೆ ಬೇಕಾಗಿರೋದು ನಿನ್ನ ಹೆಬ್ಬೆಟ್ಟು ಮಾತ್ರ ಕಣಯ್ಯ. ತಲೆ ಮನೇಲೇ ಇಟ್ಟು ಬಾ” ಎಂದಿದ್ದ. ಎಲ್ಲರೂ ನಕ್ಕಿದ್ದರು. ತಿಪ್ಪೇಶನೂ ನಕ್ಕಿದ್ದ. ಆದರೆ ಆ ಮಾತು ಅವನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಒಂದು ದಿನ ಈ ಮನುಷ್ಯನ ಮುಂದೆ ತನಗೂ ತಲೆಯಿದೆ ಎಂದು ತೋರಿಸಬೇಕು.

ಆ ಒಂದು ದಿನ ಬಾರದೇ ಇದ್ದಿದ್ದರೆ ಚೆನ್ನಾಗಿತ್ತು.

*

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಏಳನೇ ತಿಂಗಳಲ್ಲಿ ಕುಬುಸದ ಶಾಸ್ತ್ರ ಮುಗಿಸಿ, ಹಸಿರು ಬಳೆ ತೊಟ್ಟು, ತಿಪ್ಪೇಶನ ಹೆಂಡತಿ ಹಾಲಮ್ಮ ಭಟ್ಟಿ ಓಣಿಯ ತಾಯಿಮನೆಗೆ ಬಂದಳು. ಓಣಿಗೆ ಕಾಲಿಟ್ಟರೆ ಹೊಗೆ. ಗೋಡೆ ಕಪ್ಪು, ಬೇವಿನ ಎಲೆ ಕಪ್ಪು, ಮಕ್ಕಳಿದ್ದಿದ್ದರೆ ಅವರ ಮೂಗೂ ಕಪ್ಪಾಗಿರುತ್ತಿತ್ತು. ಆ ಕಪ್ಪಿನ ನಡುವೆ ಬೆಳ್ಳಗೆ ರಾಶಿ ರಾಶಿ ಮಂಡಕ್ಕಿ.

ಹಾಲಮ್ಮನ ತಾಯಿ ಕೆಂಚವ್ವ ಗಂಡ ಸತ್ತ ಮೇಲೂ ಭಟ್ಟಿ ಆರಿಸಿದವಳಲ್ಲ. ಭಾನುವಾರ ತಿಪ್ಪೇಶ ಹೋದಾಗ ಅವಳು ಉಪ್ಪು ಹಾಕಿ ಹುರಿದ ಅಕ್ಕಿಯನ್ನು ಕಾದ ಮರಳಿಗೆ ಸುರಿಯುತ್ತಿದ್ದಳು. ಚಟಪಟ ಸದ್ದಿನೊಂದಿಗೆ ಅಕ್ಕಿ ಅರಳಿ ಉಕ್ಕಿ ಬಂತು.

“ಬಾರಪ್ಪ ಅಳಿಯಪ್ಪ. ಸರ್ಕಾರದ ಹೆಬ್ಬೆಟ್ಟು ಬಂತು ನೋಡ್ರೇ, ಚಾಪೆ ಹಾಸ್ರೇ.”

“ಅತ್ತೀ, ಬರ್ತಿದ್ದಂಗೆ ಶುರು ಹಚ್ಕಂಡ್ಯಾ?”

ಹಾಲಮ್ಮ ಒಳಗಿನಿಂದ ಬಂದಳು. ಹೊಟ್ಟೆ ಮುಂದೆ, ಅವಳು ಹಿಂದೆ. ಅವನ ಪಕ್ಕ ಕುಳಿತು ಅವನ ಕೈ ಎಳೆದುಕೊಂಡು ಹೆಬ್ಬೆಟ್ಟನ್ನು ತನ್ನ ಕೆನ್ನೆಗೆ ಉಜ್ಜಿಕೊಂಡಳು.

“ಎಷ್ಟು ನುಣ್ಣಗೈತೆ ನೋಡವ್ವ. ನಮ್ಮ ಓಣಿ ಗಂಡಸ್ರ ಕೈ ಮುಟ್ಟಿದ್ರೆ ಉಪ್ಪಿನಕಾಗದ ಮುಟ್ಟಿದಂಗೆ ಆಗ್ತತೆ. ಅದ್ಕೇ ನಾ ಇವನ್ನ ಒಪ್ಕಂಡಿದ್ದು.”

“ಮುಖ ನೋಡಿ ಒಪ್ಕಂಡೆ ಅನ್ಕಂಡಿದ್ದೆ” ಎಂದ ತಿಪ್ಪೇಶ.

“ಮುಖಾನಾ? ನಂಗೇನು ಕಣ್ಣು ಕಾಣಲ್ವಾ?”

ಅವರ ಮದುವೆಯ ಮೂರನೇ ವರ್ಷ ಅದು. ಕಡಿತದ ದುಡ್ಡು ವಾಪಸ್ ಬಂದರೆ ಭಟ್ಟಿ ಓಣಿಯಿಂದ ದೂರ, ಹೊಗೆ ಬಾರದ ಕಡೆ, ಕಿಟಕಿಯಿರುವ ಒಂದು ಬಾಡಿಗೆ ಮನೆ. ಹಾಲಮ್ಮನಿಗೆ ಬೇಕಾಗಿದ್ದು ಇಷ್ಟೇ. ಅವಳ ಅಣ್ಣನೂ ತಂಗಿಯೂ ಎಳೆಗೂಸಾಗಿದ್ದಾಗಲೇ ಈ ಹೊಗೆಯಲ್ಲಿ ಕೆಮ್ಮಿ ಹೋದವರು. “ನನ್ ಕೂಸು ಕೆಮ್ಮಬಾರ್ದು” ಎನ್ನುತ್ತಿದ್ದಳು. ಡಾಕ್ಟರು ಹೇಳಿದ ದಿನ ಮಾರ್ಚ್ ಇಪ್ಪತ್ತರ ಸುಮಾರಿಗಿತ್ತು. ಪಟ್ಟಿ ಬಿಟ್ಟರೆ ಸುಖವಾಗಿ ಗಡುವಿನೊಳಗೆ ಆಗುವ ಹೆರಿಗೆ. ಪಟ್ಟಿ ಬಿಡಬೇಕಲ್ಲ?

ಪಕ್ಕದ ಭಟ್ಟಿಯ ಮುಮ್ತಾಜ್ ತೋಳಲ್ಲಿ ಹಸಿಗೂಸು ಎತ್ತಿಕೊಂಡು ಬಂದಳು. ಅವಳ ಹೆರಿಗೆಯನ್ನೂ ಏಪ್ರಿಲ್‌ಗೆ ತಳ್ಳಿದ್ದರು. ಆದರೂ ಫೆಬ್ರವರಿ ಕೊನೆಯಲ್ಲೇ ಹೆತ್ತಿದ್ದಳು.

“ಅದ್ಹೆಂಗಕ್ಕ?” ಎಂದು ತಿಪ್ಪೇಶ ಕೇಳಿದ.

ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಕೆಂಚವ್ವ ಭಟ್ಟಿಯ ಬಾಯಿಯಿಂದ ಆಗಷ್ಟೇ ಅರಳಿದ ಮಂಡಕ್ಕಿಯನ್ನು ಒಂದು ಬಟ್ಟೆಚೀಲಕ್ಕೆ ತುಂಬಿ, ಕಟ್ಟಿ, ಅವನ ತೊಡೆಯ ಮೇಲೆ ಇಟ್ಟಳು. ಹಿತವಾದ ಬಿಸಿ.

“ಬಾಣಂತಿ ಸೊಂಟಕ್ಕೆ ನಾವು ಇದ್ರಲ್ಲೇ ಕಾವು ಕೊಡಾದು. ಈಗ ಬಸುರಿಗೂ ಕೊಡ್ತೀವಿ. ಆ ಪಟ್ಟಿಗೆ ಜ್ವರ ಅಂದ್ರೆ ಭಯ ಐತಂತೆ. ಚೀಲ ಮೇಲಿಟ್ಕಂಡು ಸುಮ್ನೆ ಮಲಗಿದ್ರೆ, ಅಯ್ಯೋ ಈ ತಾಯಿಗೆ ಜ್ವರ ಬಂತು ಅಂತ ಕೈ ಬಿಟ್ಟುಬಿಡ್ತತೆ. ಆಸ್ಪತ್ರೆ ಗಾಡಿನೂ ತಾನೇ ಕರೀತತೆ.”

ಅದು ನಿಜ. ಜ್ವರ ಬಂದ ತಾಯಿಯ ಹೆರಿಗೆ ತಡೆಯಬಾರದು. ಒಳಗೆ ನಂಜಾಗಿದ್ದರೆ ತಾಯಿ, ಕೂಸು ಎರಡೂ ಹೋಗುತ್ತವೆ. ಪಟ್ಟಿ ಮಾಡಿದ ಆ ಒಳ್ಳೆಯ ಜನ ಇಷ್ಟೊಂದು ದಯೆಯನ್ನು ಅದರಲ್ಲಿ ಇಟ್ಟಿದ್ದರು. ಭಟ್ಟಿ ಓಣಿಯ ಹೆಂಗಸರು ಆ ದಯೆಯನ್ನು ಹುಡುಕಿ ತೆಗೆದಿದ್ದರು.

“ಯಾರಿಗೂ ಹೇಳ್ಬ್ಯಾಡ ಮತ್ತೆ” ಎಂದಳು ಹಾಲಮ್ಮ.

“ನಾ ಯಾರಿಗೆ ಹೇಳ್ಲಿ?” ಎಂದು ತಿಪ್ಪೇಶ ಬಿಸಿ ಮಂಡಕ್ಕಿ ಬಾಯಿಗೆ ಹಾಕಿಕೊಂಡ.

*

ಮಾರ್ಚಿನ ಮೊದಲ ವಾರ ಉಲ್ಲಾಸ್ ಪರದೆಗಳ ಹಿಂದೆ ಅತ್ತಿಂದಿತ್ತ ಓಡಾಡುತ್ತಿದ್ದ. ರಾಜಧಾನಿಯಿಂದ ಬಂದ ಇಬ್ಬರು ಇಂಜಿನಿಯರುಗಳು ಊರಿನ ನಕ್ಷೆಯನ್ನು ಗೋಡೆಯ ಮೇಲೆ ಬೆಳಕಿನಲ್ಲಿ ಬಿಟ್ಟಿದ್ದರು. ನಕ್ಷೆಯ ಒಂದು ಮೂಲೆಯಲ್ಲಿ ಕೆಂಪು ಚುಕ್ಕೆಗಳು ಗುಂಪಾಗಿ ಕೂತಿದ್ದವು.

“ಇಡೀ ಊರಲ್ಲಿ ಇಲ್ಲದ ಜ್ವರ ಈ ಒಂದು ಓಣೀಲಿ ಹೇಗ್ರೀ?” ಎಂದು ಉಲ್ಲಾಸ್ ಕೂಗಾಡಿದ. “ನೀರು ನೋಡಿದ್ರಿ, ಸೊಳ್ಳೆ ನೋಡಿದ್ರಿ, ರಕ್ತ ನೋಡಿದ್ರಿ. ಎಲ್ಲಾ ಸರಿ ಇದೆ. ಮಾರ್ಚ್ ಹಾಸಿಗೆಗಳೆಲ್ಲ ಇವರಿಗೇ ಹೋದ್ರೆ ನಾನು ಮೇಲಿನವರಿಗೆ ಏನು ಹೇಳಲಿ?”

ಇಂಜಿನಿಯರುಗಳು ತಲೆ ಕೆರೆದುಕೊಂಡರು. ವೈರಸ್ ಇರಬಹುದು ಎಂದ ಒಬ್ಬ. ಪಟ್ಟಿಯ ಉಷ್ಣಮಾಪಕವೇ ಕೆಟ್ಟಿರಬಹುದು ಎಂದ ಇನ್ನೊಬ್ಬ.

ತಿಪ್ಪೇಶನಿಗೆ ಒಳಗೊಳಗೇ ನಗು ಬಂತು. ಇಷ್ಟು ಓದಿದವರು, ಇಷ್ಟು ದೊಡ್ಡ ನಕ್ಷೆ, ಒಂದು ಚೀಲ ಮಂಡಕ್ಕಿ ಗೊತ್ತಾಗುತ್ತಿಲ್ಲ! ಪಕ್ಕದ ಕುರ್ಚಿಯ ಬೀರೇಶ ಅವನನ್ನು ನೋಡಿ, “ಯಾಕಲೇ ಹಲ್ಲು ಬಿಡ್ತಿ?” ಎಂದ.

ಉಲ್ಲಾಸ್ ತಿರುಗಿದ. “ಏನಯ್ಯ ಹೆಬ್ಬೆಟ್ಟು? ನಿನಗೇನಾದ್ರೂ ಗೊತ್ತಾ? ಅಥವಾ ಸುಮ್ನೆ ನಗೋದಾ?”

ಇಂಜಿನಿಯರುಗಳು ಅವನತ್ತ ನೋಡಿದರು. ಆ ಮುಳ್ಳು ಎದೆಯಲ್ಲಿ ತಿರುಗಿತು. ತಿಪ್ಪೇಶ ಕುರ್ಚಿಯಿಂದ ಎದ್ದು ನಿಂತ, ಶಾಲೆಯಲ್ಲಿ ಉತ್ತರ ಗೊತ್ತಿರುವ ಹುಡುಗ ಎದ್ದು ನಿಲ್ಲುವಂತೆ. ಅವನ ಜೀವನದಲ್ಲಿ ಹಾಗೆ ಎದ್ದು ನಿಂತದ್ದು ಅದೇ ಮೊದಲು.

“ಅದು ಜ್ವರ ಅಲ್ಲ ಸಾರ್. ಮಂಡಕ್ಕಿ.”

ಹೇಳಿಬಿಟ್ಟ. ಚೀಲ, ಕಾವು, ಎಲ್ಲ. ಹೇಳುವಾಗ ಅವನಿಗೆ ಅದು ತಮಾಷೆಯ ಕಥೆಯಂತೆಯೇ ಇತ್ತು. ಇಂಜಿನಿಯರುಗಳು ಬಿದ್ದು ಬಿದ್ದು ನಕ್ಕರು. ಉಲ್ಲಾಸ್ ಬೆನ್ನು ತಟ್ಟಿ, “ಪರವಾಗಿಲ್ಲವೇ! ತಲೆ ತಂದಿದ್ದೀಯ ಇವತ್ತು” ಎಂದು ತನ್ನ ಲೋಟದ ಚಹಾ ಅವನಿಗೇ ಕೊಟ್ಟ. ಚಹಾದಲ್ಲಿ ಏಲಕ್ಕಿ ಇತ್ತು.

ಚಹಾ ಮುಗಿಯುವಷ್ಟರಲ್ಲಿ ಎಲ್ಲರ ಪರದೆಯ ಮೇಲೆ ಒಂದು ಹೊಸ ಸಾಲು ಬಂತು. ‘ಭಟ್ಟಿ ಓಣಿ ವ್ಯಾಪ್ತಿಯ ಪಟ್ಟಿಗಳು: ಜ್ವರ ಲೆಕ್ಕಕ್ಕಿಲ್ಲ. ಸಮ್ಮತಿ.’

ಬೀರೇಶ ಒತ್ತಿದ. ಉಳಿದವರು ಒತ್ತಿದರು. ತಿಪ್ಪೇಶನ ಬೆರಳು ಗಾಜಿನ ಮೇಲೆ ಒಂದು ಕ್ಷಣ ನಿಂತಿತು. ಹಾಲಮ್ಮನ ಪಟ್ಟಿ ನೋಂದಣಿಯಾಗಿದ್ದು ಗಂಡನ ಮನೆಯ ವಿಳಾಸದಲ್ಲಿ, ಓಣಿಯ ವಿಳಾಸದಲ್ಲಿ ಅಲ್ಲ. ಅವಳಿಗೇನೂ ಆಗುವುದಿಲ್ಲ ಎಂದು ಲೆಕ್ಕ ಹಾಕಿಕೊಂಡು ಒತ್ತಿದ. ಪಟ್ಟಿ ವಿಳಾಸ ನೋಡುವುದಿಲ್ಲ, ತಾಯಿ ಮಲಗಿರುವ ಜಾಗ ನೋಡುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಆ ಕೊಠಡಿಯಲ್ಲಿ ಅವನಿಗೆ ಯಾರೂ ಯಾವುದನ್ನೂ ಕಲಿಸಿರಲಿಲ್ಲ.

*

ಮಾರ್ಚ್ ಕೊನೆಯ ವಾರ ಬಂದರೂ ಹಾಲಮ್ಮನ ಪಟ್ಟಿ ಬಿಡಲಿಲ್ಲ. ನೋವು ಬರುತ್ತಿತ್ತು, ಹೋಗುತ್ತಿತ್ತು. ದೊಡ್ಡಾಸ್ಪತ್ರೆಯ ಬಾಗಿಲಿನಲ್ಲಿ ಪಟ್ಟಿ ಓದುವ ಕಂಬವಿದೆ. ಪಟ್ಟಿ ‘ತಡೆ’ ಎಂದರೆ ಗೇಟು ತೆರೆಯುವುದಿಲ್ಲ. ಮನೆಯಲ್ಲಿ ಪಟ್ಟಿ ಕತ್ತರಿಸಿಕೊಂಡರೆ ಒಳಗೆ ಬಿಡುತ್ತಾರೆ, ಆದರೆ ವಾಪಸ್ ಬರಬೇಕಾದ ದುಡ್ಡು ಅಲ್ಲಿಗೇ ಹೋಯಿತು.

ಫೋನಿನಲ್ಲಿ ಹಾಲಮ್ಮ ಹೇಳಿದಳು: “ಅವ್ವ ದಿನಾ ಚೀಲ ಇಡ್ತಾಳೆ. ಮುಮ್ತಾಜಕ್ಕಂಗೆ ಒಂದೇ ದಿನಕ್ಕೆ ಬಿಡ್ತಂತೆ. ನಂದು ಬಿಡವಲ್ದು. ನನ್ ಪಟ್ಟಿ ನಿನ್ನಂಗೇ ಮೊಂಡು.”

ಆಗ ತಿಪ್ಪೇಶನಿಗೆ ಅರ್ಥವಾಯಿತು, ಪಟ್ಟಿ ವಿಳಾಸವನ್ನಲ್ಲ, ಓಣಿಯನ್ನು ನೋಡುತ್ತಿದೆ ಎಂದು.

“ಆ ಚೀಲ ಗೀಲ ಬಿಟ್ಟುಬಿಡು. ಮನೆಗೆ ಬಂದ್ಬಿಡು ನೀನು.”

“ಚೊಚ್ಚಲಕ್ಕೆ ತವರು ಬಿಟ್ಟು ಬಂದ್ರೆ ಅವ್ವ ನಿನ್ನ ಭಟ್ಟಿಗೆ ಹಾಕ್ತಾಳೆ. ಯಾಕೆ, ಏನಾಯ್ತು?”

ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಓಣಿಯ ಗುಟ್ಟು ಮಾರಿದವನು ನಿನ್ನ ಗಂಡ, ಅದಕ್ಕೆ ಸಿಕ್ಕ ಬೆಲೆ ಒಂದು ಲೋಟ ಚಹಾ ಎಂದು ಹೇಗೆ ಹೇಳುವುದು?

“ಏನಿಲ್ಲ. ಸುಮ್ನೆ” ಎಂದ.

“ಸುಮ್ನೆ ಅಂತೆ. ಇನ್ನೆರಡು ದಿನ ಕಣೋ. ಕೊನೇ ದಿನ ಹಾಸಿಗೆ ಖಾಲಿ ಉಳಿದ್ರೆ ಕರೀತಾರಂತೆ. ನಮ್ ಕಿಟಕಿ ಮನೆ ನೋಡಿಟ್ಟಿದ್ದೀಯಾ ಇಲ್ವಾ?”

“ನೋಡೀನಿ. ಬೇವಿನ ಮರ ಐತೆ.”

“ಎಲೆ ಯಾವ ಬಣ್ಣ?”

“ಹಸಿರು” ಎಂದ ತಿಪ್ಪೇಶ.

*

ಮೂವತ್ತೊಂದರ ಬೆಳಿಗ್ಗೆಯಿಂದಲೇ ಕೊಠಡಿಯಲ್ಲಿ ಸಂತೆ. ಒತ್ತಿ ಒತ್ತಿ ಹೆಬ್ಬೆಟ್ಟು ಜೋಮು ಹಿಡಿದಿತ್ತು. ಒಬ್ಬ ನೀರಿಗೆ ಎದ್ದರೆ ಪಕ್ಕದವನು ಕೈ ಚಾಚಿ ಅವನದನ್ನೂ ಒತ್ತುವುದು ಅಲ್ಲಿಯ ರೂಢಿ. ಗಾಜಿಗೆ ಯಾವ ನೌಕರನ ಬೆರಳಾದರೂ ಆದೀತು. ಒತ್ತದೆ ಉಳಿದರೆ ಕುರ್ಚಿಯವನ ಸಂಬಳಕ್ಕೆ ಕತ್ತರಿ. ಗೆಳೆಯರು ಒಬ್ಬರಿಗೊಬ್ಬರು ಅಷ್ಟೂ ಆಗದಿದ್ದರೆ ಹೇಗೆ?

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ತಿಪ್ಪೇಶನ ಪರದೆಗೆ ಒಂದು ಸಂಖ್ಯೆ ಬಂತು. ಅವನಿಗೆ ಬಾಯಿಪಾಠವಿದ್ದ ಸಂಖ್ಯೆ.

‘ಭಟ್ಟಿ ಓಣಿ. ತಾಯಿ: ಜ್ವರ ತೀವ್ರ. ಲೆಕ್ಕಕ್ಕಿಲ್ಲ. ಕೂಸಿನ ಎದೆಬಡಿತ: ಅತಿವೇಗ. ಲೆಕ್ಕಕ್ಕಿಲ್ಲ. ತಡೆ ಮುಂದುವರಿಸಲು ಸಮ್ಮತಿ.’

ಮಂಡಕ್ಕಿ ಚೀಲ ತಾಯಿಯ ಚರ್ಮವನ್ನು ಬಿಸಿ ಮಾಡಬಹುದು. ಹೊಟ್ಟೆಯೊಳಗಿನ ಕೂಸಿನ ಎದೆಯನ್ನು ಓಡಿಸಲಾರದು. ಇಷ್ಟು ತಿಳಿಯಲು ಶಾಲೆ ಬೇಕಾಗಿಲ್ಲ.

“ಸಾರ್!” ಎಂದು ಕಿರುಚಿದ. “ಇದು ನಿಜವಾದ ಜ್ವರ ಸಾರ್. ನನ್ ಹೆಂಡ್ತಿ ಸಾರ್ ಇದು. ಬಿಡಿಸಿ ಸಾರ್ ಪಟ್ಟೀನ.”

ಉಲ್ಲಾಸ್ ಫೋನು ಕಿವಿಯಿಂದ ತೆಗೆಯಲಿಲ್ಲ. ಯಾರದೋ ಮನೆಯ ಸೊಸೆಗೆ ಕೊನೆಯ ಹಾಸಿಗೆಯ ಮಾತು ನಡೆದಿತ್ತು. ಕೈಯಲ್ಲೇ ಕೂತುಕೋ ಎಂದು ಸನ್ನೆ ಮಾಡಿ, “ಮಂಡಕ್ಕಿ ಅಂತ ನೀನೇ ಹೇಳಿದ್ದಲ್ಲಯ್ಯ?” ಎಂದ.

ತಿಪ್ಪೇಶ ಓಡಿದ. ಬಾಗಿಲು ದಾಟುವಾಗ ಒಮ್ಮೆ ತಿರುಗಿ ನೋಡಿದ. ಬೀರೇಶ, ಬಾಯಲ್ಲಿ ರೊಟ್ಟಿ ತುಂಬಿಕೊಂಡು, ಪರದೆ ಕೂಡ ನೋಡದೆ, ಎಡಗೈ ಚಾಚಿ ಅವನ ಗಾಜಿನ ಮೇಲೆ ಹೆಬ್ಬೆಟ್ಟು ಇಡುತ್ತಿದ್ದ.

ಹಸಿರು ಬೆಳಕು ಬಂತು.

*

ಹಾಲಮ್ಮ ಭಟ್ಟಿಯ ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ತುಟಿ ಒಡೆದಿತ್ತು. ಹೊಟ್ಟೆಯ ಮೇಲೆ ಚೀಲ. ಕೆಂಚವ್ವ ಇನ್ನೊಂದಕ್ಕೆ ಹೊಸ ಬಿಸಿ ಮಂಡಕ್ಕಿ ತುಂಬುತ್ತಿದ್ದಳು.

“ಮೈ ಸುಡ್ತೈತಲ್ಲ ಅತ್ತೀ!”

“ಚೀಲದ್ದಪ್ಪ ಅದು. ನಿನ್ನೆಯಿಂದ ಬಿಡದೇ ಇಟ್ಟೀನಿ. ಇವತ್ತು ಬಿಟ್ಟೇ ಬಿಡ್ತತೆ ನೋಡು.”

ತಿಪ್ಪೇಶ ಚೀಲ ಕಿತ್ತು ಎಸೆದ. ಮಂಡಕ್ಕಿ ನೆಲದ ತುಂಬ ಚೆಲ್ಲಿತು. ಅವನು ಹೆಂಡತಿಯ ಹಣೆ ಮುಟ್ಟಿದ, ಪಾದ ಮುಟ್ಟಿದ. ಎಲ್ಲೆಲ್ಲೂ ಒಂದೇ ಬೆಂಕಿ. ಚೀಲ ಇಲ್ಲದ ಕಡೆಯೂ ಅದೇ ಬೆಂಕಿ. ಕೆಂಚವ್ವನೂ ಮಗಳ ಅಂಗಾಲು ಮುಟ್ಟಿದಳು. ಅವಳ ಕೈ ಅಲ್ಲೇ ನಿಂತುಹೋಯಿತು. ಬಿಸಿಯನ್ನು ಅವಳಷ್ಟು ಬಲ್ಲವರಿಲ್ಲ. ಮರಳಿನ ಹತ್ತಿರ ಬೆರಳು ಹಿಡಿದು ಅಕ್ಕಿ ಅರಳುತ್ತದೋ ಇಲ್ಲವೋ ಹೇಳುವವಳು. ಆದರೆ ಆ ಬೆರಳುಗಳು ಮಗಳ ಜ್ವರವನ್ನು ತನ್ನ ಮಂಡಕ್ಕಿಯ ಕಾವೆಂದೇ ಓದಿದ್ದವು.

“ನಿನ್ನೆ ಸ್ವಲ್ಪ ನೀರು ಹೋಗಿತ್ತು” ಎಂದಳು ಹಾಲಮ್ಮ ಕಣ್ಣು ಮುಚ್ಚಿಕೊಂಡೇ. “ನಾನೇ ಹೇಳ್ಲಿಲ್ಲ. ಒಂದಿನ ತಾನೇ ಅಂತ.”

“ಕತ್ರಿ ತಾ ಅತ್ತೀ.”

“ಬ್ಯಾಡ” ಎಂದು ಹಾಲಮ್ಮ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಮೂರು ವರ್ಷ ಕಣೋ. ಇನ್ನು ಸ್ವಲ್ಪ ಹೊತ್ತು. ಈಗ ಕತ್ರಿಸಿದ್ರೆ ಮನೆ ಹೋಗ್ತತೆ.”

“ಮನೆ ಬೆಂಕಿ ಬೀಳ್ಲಿ!”

ಅವಳ ಕೈಗಳನ್ನು ಕೆಂಚವ್ವ ಬಿಡಿಸಿದಳು. ಅವನು ಕತ್ತರಿಸಿದ. ಪಟ್ಟಿ ಹಾವಿನ ಹಾಗೆ ಒಮ್ಮೆ ಬಿಗಿದು ಸಡಿಲವಾಯಿತು. ಅದರಿಂದ ಒಂದು ಇಂಪಾದ ಹೆಣ್ಣುದನಿ ಬಂತು: ‘ನೀವು ಸ್ವಇಚ್ಛೆಯಿಂದ ಯೋಜನೆಯಿಂದ ಹೊರಬಂದಿದ್ದೀರಿ. ಧನ್ಯವಾದ.’

ಮಂಡಕ್ಕಿ ಸಾಗಿಸುವ ಗಾಡಿಯಲ್ಲೇ ದೊಡ್ಡಾಸ್ಪತ್ರೆಗೆ ಒಯ್ದರು. ಗೇಟು ತೆರೆಯಿತು. ಕತ್ತರಿಸಿದರೂ ಔಷಧಿ ಮೈಯಿಂದ ಇಳಿದಿರಲಿಲ್ಲ. ಗರ್ಭಕೋಶ ಇನ್ನೂ ಮಲಗಿತ್ತು. ಹೊಟ್ಟೆ ಕೊಯ್ಯಬೇಕು, ಮೇಲಿನ ಮಹಡಿಯೆಲ್ಲ ಮಾರ್ಚ್ ಹಾಸಿಗೆಯವರಿಗೆ ಹೋಗಿದೆ, ಕೋಣೆ ಖಾಲಿಯಾಗಲಿ ಎಂದರು. ಕೆಂಚವ್ವ ಸಿಕ್ಕಸಿಕ್ಕವರ ಕಾಲು ಹಿಡಿದಳು. ತಿಪ್ಪೇಶ ಯಾರ ಕಾಲನ್ನೂ ಹಿಡಿಯಲಿಲ್ಲ, ಗೋಡೆಗೆ ಗುದ್ದಿದ. ಇಬ್ಬರ ಕೆಲಸದಿಂದಲೂ ಕೋಣೆ ಬೇಗ ಖಾಲಿಯಾಗಲಿಲ್ಲ.

ಸಂಜೆ ನರ್ಸ್ ಹೊರಗೆ ಬಂದಳು. ಕೈಯಲ್ಲಿ ಬಿಳಿ ಬಟ್ಟೆ. ಮಧ್ಯವಯಸ್ಸಿನ ಹೆಂಗಸು, ಕಣ್ಣು ಕೆಂಪಾಗಿತ್ತು.

“ತಾಯಿ ಉಳ್ಕಂಡ್ಲು. ಹೆಣ್ಣುಕೂಸು. ಅಳ್ಲಿಲ್ಲ.”

ಕೆಂಚವ್ವ ಬಟ್ಟೆಯನ್ನು ಎದೆಗೆ ಒತ್ತಿಕೊಂಡಳು. ಗೆರೆಯಿಲ್ಲದ ಬೆರಳುಗಳಿಂದ ಕೂಸಿನ ಕೆನ್ನೆ ಮುಟ್ಟಿ ನೋಡಿದಳು. ಇನ್ನೂ ಬಿಸಿಯಿತ್ತು. ಕಾವು ಆರಬಾರದೆಂದು ಸೆರಗನ್ನು ಇನ್ನೊಂದು ಸುತ್ತು ಸುತ್ತಿದಳು.

ಸೈರನ್ ಕೂಗಿತು. ಮೇಲಿನ ಮಹಡಿಯಲ್ಲಿ ಚಪ್ಪಾಳೆ. ರಸ್ತೆಯಲ್ಲಿ ಗಡುವಿನೊಳಗೆ ತಂದೆಯಾದವರು ಸರಪಟಾಕಿ ಹಚ್ಚಿದರು. ತಿಪ್ಪೇಶನ ಜೇಬಿನಲ್ಲಿ ಫೋನು ನಡುಗಿತು. ಈ ಸಾಲಿನಲ್ಲಿ ನಿಮ್ಮ ಹೆಸರಿಗೆ ಮಗು ದಾಖಲಾಗಿಲ್ಲ, ಕಡಿತ ಮುಂದುವರಿಯುತ್ತದೆ ಎಂದಿತ್ತು.

*

ಮೂರನೆಯ ದಿನ ಹಾಲಮ್ಮ ಎದ್ದು ಕೂತಳು. ಎದೆಹಾಲು ಕಟ್ಟಿ ರವಿಕೆ ಒದ್ದೆಯಾಗಿತ್ತು. ವಾರ್ಡಿನ ಇನ್ನೊಂದು ತುದಿಯಲ್ಲಿ ಯಾವುದೋ ಕೂಸು ಅತ್ತಾಗಲೆಲ್ಲ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

“ಮುಮ್ತಾಜಕ್ಕಂದು ಬಿಡ್ತು, ನಂದು ಯಾಕೆ ಬಿಡ್ಲಿಲ್ಲ?” ಎಂದು ಕೇಳಿದಳು.

ತಿಪ್ಪೇಶ ಅವಳ ಹೊದಿಕೆಯ ಅಂಚನ್ನು ಸೀರೆಯಂತೆ ಮಡಿಸತೊಡಗಿದ.

“ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು. ನಾನೇ ಹೇಳ್ದೆ ಅವ್ರಿಗೆ. ಚೀಲದ ವಿಷ್ಯ.”

ಅವಳು ಅವನ ಬಲಗೈ ಎತ್ತಿಕೊಂಡಳು. ಹೆಬ್ಬೆಟ್ಟನ್ನು ತನ್ನ ಕಣ್ಣಿನ ಹತ್ತಿರ ಹಿಡಿದು, ಅದರ ಒಂದೊಂದು ಗೆರೆಯನ್ನೂ ಓದುವವಳಂತೆ ನೋಡಿದಳು.

“ಎಷ್ಟು ನುಣ್ಣಗೈತೆ” ಎಂದಳು. ಕೈ ಬಿಟ್ಟಳು. ಗೋಡೆಯ ಕಡೆ ತಿರುಗಿ ಮಲಗಿದಳು.

ತಿಪ್ಪೇಶ ಭಟ್ಟಿ ಓಣಿಗೆ ನಡೆದ. ಕೆಂಚವ್ವ ಭಟ್ಟಿ ಹಚ್ಚಿದ್ದಳು, ಹಚ್ಚದಿದ್ದರೆ ಊಟವಿಲ್ಲ. ಅವಳು ಅವನನ್ನು ಚಾಪೆಗೆ ಕರೆಯಲಿಲ್ಲ. ಬಾಣಲೆಯಲ್ಲಿ ಮರಳು ಕಾದು ಬೂದಿ ಬಣ್ಣಕ್ಕೆ ತಿರುಗಿತ್ತು. ಅವನು ಅಂಗಿಯ ತೋಳು ಮಡಿಸಿ, ಹೆಬ್ಬೆಟ್ಟನ್ನು ಮರಳಿಗೆ ಒತ್ತಿ ಹಿಡಿದ. ಗಾಜಿನ ಮೇಲೆ ಹಿಡಿದಿದ್ದಕ್ಕಿಂತ ಹೆಚ್ಚು ಹೊತ್ತು. ಕೆಂಚವ್ವ ನೋಡುತ್ತಿದ್ದಳು. ಬೇಡ ಎನ್ನಲಿಲ್ಲ. ಅವನು ಕೈ ತೆಗೆದ ಮೇಲೆ, ತನ್ನ ಸೆರಗಿನ ಅಂಚು ಹರಿದು ಅವನ ಮುಂದೆ ಹಾಕಿದಳು.

ಕೆಲವು ದಿನ ಬಿಟ್ಟು ಅವನು ಕೊಠಡಿಗೆ ಹೋದ. ಕೆಲಸ ಕೇಳಲು ಹೋದದ್ದಲ್ಲ. ತನ್ನ ಕುರ್ಚಿಯ ಮೇಲೆ ಕೂತು, ಗಾಜು ತನ್ನನ್ನು ಒಪ್ಪದೇ ಇರುವುದನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಅಷ್ಟಾದರೂ ನೋಡಬೇಕಿತ್ತು.

ಪರದೆಗೆ ಒಂದು ಸಂಖ್ಯೆ ಬಂತು. ಏಪ್ರಿಲ್ ಹಾಸಿಗೆಗಳೂ ತುಂಬಿ, ಏಪ್ರಿಲ್ ತಾಯಂದಿರನ್ನು ಮೇ ತಿಂಗಳಿಗೆ ತಳ್ಳುತ್ತಿದ್ದರು. ‘ಭಟ್ಟಿ ಓಣಿ. ತಾಯಿ: ಜ್ವರ. ಲೆಕ್ಕಕ್ಕಿಲ್ಲ. ತಡೆ ಮುಂದುವರಿಸಲು ಸಮ್ಮತಿ.’

ತಿಪ್ಪೇಶ ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಬೆಂದ ಹೆಬ್ಬೆಟ್ಟನ್ನು ಗಾಜಿನ ಮೇಲೆ ಇಟ್ಟ. ಕೆಂಪು ಬೆಳಕು ಬಂತು. ‘ಗುರುತು ಸಿಗಲಿಲ್ಲ.’ ಇನ್ನೊಮ್ಮೆ ಇಟ್ಟ. ಕೆಂಪು. ಆ ಕೆಂಪನ್ನು ನೋಡುತ್ತ ಅವನ ಎದೆಯೊಳಗೆ ಎಷ್ಟೋ ದಿನದ ಮೇಲೆ ಒಂದು ಉಸಿರು ಪೂರ್ತಿಯಾಗಿ ಇಳಿಯಿತು.

ಪಕ್ಕದ ಕುರ್ಚಿಯಿಂದ ಬೀರೇಶ ಬಗ್ಗಿ ನೋಡಿದ. ಗೆಳೆಯನ ಬೆರಳು ಕಂಡು ಅವನ ಕಣ್ಣಲ್ಲಿ ನೀರು ತುಂಬಿತು.

“ಅಯ್ಯೋ ಹುಚ್ಚ, ಏನ್ ಮಾಡ್ಕಂಡ್ಯಲೇ ಇದು?” ಎಂದ ಪಿಸುದನಿಯಲ್ಲಿ. “ಸಾಹೇಬ್ರು ನೋಡಿದ್ರೆ ಕೆಲ್ಸ ಹೋಗ್ತತೆ. ನಿನ್ ಹೆಂಡ್ತಿ ಬಾಣಂತಿ. ತಡಿ, ನಾನಿದೀನಿ.”

ಅವನು ಕೈ ಚಾಚಿ, ಗೆಳೆಯನ ಗಾಜಿನ ಮೇಲೆ ತನ್ನ ಹೆಬ್ಬೆಟ್ಟು ಇಟ್ಟ.

ಹಸಿರು ಬೆಳಕು ಬಂತು.